ದಾರಿ ತೋರುವವನೇ ಅಂಗಡಿ ಹೂಡಿದರೆ?

ಹುಡುಕಿದಲ್ಲೇ ಕೊಳ್ಳಿರಿ, ಅಂಗಡಿಯ ಬಾಗಿಲಿಗೆ ಹೋಗುವ ಶ್ರಮವೇಕೆ ಎಂದು ಹುಡುಕುಯಂತ್ರದ ಒಡೆಯರು ಕರೆಯುತ್ತಿದ್ದಾರೆ. ಗೂಗಲ್ 2015ರಲ್ಲಿಯೇ ಅಮೆರಿಕದಲ್ಲಿ ಇದನ್ನು ಪ್ರಯೋಗಿಸಿತು. 2025ರಲ್ಲಿ ಚಾಟ್‌ಜಿಪಿಟಿಯ ಒಡೆಯರೂ ಅದೇ ಹಾದಿ ಹಿಡಿದರು.

ಹತ್ತಿ ಪೇಟೆಯ ದಲಾಲನನ್ನು ನಾವು ಬಲ್ಲೆವು. ಅವನ ಗಾದಿ ಎಲ್ಲಿದೆ, ದಲಾಲಿ ಎಷ್ಟು ಎಂಬುದು ಊರಿಗೇ ಗೊತ್ತು. ಈ ಹೊಸ ದಲಾಲನೋ ಪೇಟೆಗೆ ಹೋಗುವ ದಾರಿಯನ್ನೇ ಕೈಯಲ್ಲಿಟ್ಟುಕೊಂಡಿದ್ದಾನೆ. ಯಾರ ಸರಕು ಮುಂದೆ, ಯಾರದು ಹಿಂದೆ ಎಂಬುದು ಅವನ ಮರ್ಜಿ. ಇದು ನಮ್ಮ ಕಲ್ಪನೆಯಲ್ಲ. ತನ್ನ ಸೇವೆಯನ್ನೇ ಮುಂದೆ ತಂದುದಕ್ಕಾಗಿ ಗೂಗಲ್‌ಗೆ 2017ರಲ್ಲಿ ಯುರೋಪಿಯನ್ ಆಯೋಗ 242 ಕೋಟಿ ಯುರೋ, 2018ರಲ್ಲಿ ಭಾರತದ ಸ್ಪರ್ಧಾ ಆಯೋಗ ಸುಮಾರು 136 ಕೋಟಿ ರೂಪಾಯಿ ದಂಡ ಹಾಕಿದವು.

ಅಗ್ಗವಾದರೆ ಕಾರ್ಮಿಕನಿಗೆ ಲಾಭವಲ್ಲವೇ ಎನ್ನುವವರಿಗೆ ನಮ್ಮ ಪ್ರಶ್ನೆ: ಗಿರಣಿಯ ಬಾಗಿಲು ಮುಚ್ಚಿದ ತಿಂಗಳು ಉದ್ರಿ ಜೋಳ ಕೊಡುವವರು ಯಾರು? ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಿರಾಣಿ ಅಂಗಡಿಯವನೋ, ಕ್ಯಾಲಿಫೋರ್ನಿಯಾದ ಯಂತ್ರವೋ? ಬೆಟಗೇರಿಯ ನೇಕಾರನ ಸೀರೆ ಅಲ್ಲಿ ಮಾರಿಹೋದರೂ ಗಿರಾಕಿ ನೇಕಾರನವನಾಗಿ ಉಳಿಯನು, ಯಂತ್ರದವನಾಗುವನು.

ಹುಡುಕಿಕೊಡುವವನು ಮಾರಕೂಡದು. ಕಾನೂನು ಅದನ್ನು ತಡೆಯುವವರೆಗೆ ದಲಾಲಿಯ ದರ ಬಹಿರಂಗವಾಗಲಿ, ಮಾರುವವನ ಹೆಸರು-ವಿಳಾಸ ಮೊದಲು ಕಾಣಲಿ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನೆಲವಿದು. ವರ್ತಕರೇ, ಕಾರ್ಮಿಕರೇ, ಮತ್ತೊಮ್ಮೆ ಒಂದಾಗಿರಿ!