ದೋಷ ದಾಖಲಾದರೆ ಸಾಲದು, ಕೇಳುವವರೂ ಬೇಕು

ತಂತ್ರಾಂಶದ ದೋಷ ಹುಡುಕುವ ಸಲಕರಣೆಗಳಿಗೆ ಇಂದು ಬರವಿಲ್ಲ. 1998ರಲ್ಲಿ ಮೊಜಿಲ್ಲಾ ಯೋಜನೆ ‘ಬಗ್‌ಜಿಲ್ಲಾ’ ಎಂಬ ದೋಷಗಳ ಕಡತವನ್ನು ರೂಪಿಸಿತು. 2002ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯ ‘ಜಿರಾ’ ಬಂದಿತು. ಅಲ್ಲಿಂದ ಮುಂದೆ ಪ್ರತಿ ದೋಷಕ್ಕೂ ಒಂದು ಸಂಖ್ಯೆ, ಒಬ್ಬ ಹೊಣೆಗಾರ, ಒಂದು ಗಡುವು ಎಂಬುದು ಉದ್ಯಮದ ರೂಢಿಯಾಯಿತು. 2005ರಲ್ಲಿ ಹುಟ್ಟಿದ ‘ಗಿಟ್’, ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರೆಂಬ ಲೆಕ್ಕವನ್ನೂ ಇಡತೊಡಗಿತು. ಈಗಂತೂ ಲಕ್ಷಾಂತರ ಸಾಲುಗಳ ದಾಖಲೆಯನ್ನು ಕೃತಕ ಬುದ್ಧಿಮತ್ತೆಯೇ ಓದಿ, ಎಡವಟ್ಟು ಎಲ್ಲಿರಬಹುದೆಂದು ಹೇಳಿ, ಪರಿಹಾರವನ್ನೂ ಸೂಚಿಸುತ್ತದೆ.

ಎರಡು ದಶಕಗಳಿಂದ ಬೆಂಗಳೂರಿನಲ್ಲಿ ತಂತ್ರಾಂಶ ಪರೀಕ್ಷೆಯ ಕೆಲಸ ಮಾಡುತ್ತಿರುವ ನನಗೆ ಈ ಪ್ರಗತಿಯ ಬಗ್ಗೆ ಗೌರವವಿದೆ. ಆದರೆ ಸಲಕರಣೆ ಸುಧಾರಿಸಿದರೆ ತಂತ್ರಾಂಶವೂ ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆಯನ್ನು ಮಾತ್ರ ನಾನು ಒಪ್ಪಲಾರೆ. ವ್ಯವಹಾರ ತಂತ್ರಾಂಶದ ದೊಡ್ಡ ಅನಾಹುತಗಳಲ್ಲಿ ಎರಡನ್ನು ಗಮನಿಸಿದರೆ ಸಾಕು: ದೋಷ ಯಾರಿಗೂ ಕಾಣದೆ ಉಳಿದಿರಲಿಲ್ಲ. ಕಂಡದ್ದನ್ನು ಕಿವಿಗೆ ಹಾಕಿಕೊಳ್ಳುವವರಿರಲಿಲ್ಲ.

ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ಕತೆ ನೋಡಿ. 2012ರ ಆಗಸ್ಟ್ 1ಕ್ಕೆ ಮುನ್ನ ಎಂಟು ಸರ್ವರ್‌ಗಳಿಗೆ ಹೊಸ ತಂತ್ರಾಂಶ ಹಾಕಬೇಕಿತ್ತು. ಏಳಕ್ಕೆ ಹಾಕಿ ಒಂದನ್ನು ಬಿಟ್ಟರು. ಆ ಒಂದರಲ್ಲಿ ಬಳಕೆ ತಪ್ಪಿ ಬಿದ್ದಿದ್ದ ಹಳೆಯ ಭಾಗ ಅಂದು ಎಚ್ಚೆತ್ತು, 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು ನಡೆಸಿ, 46 ಕೋಟಿ ಡಾಲರಿಗೂ ಮಿಕ್ಕಿದ ನಷ್ಟ ತಂದಿತು. ಅಲ್ಲಿನ ಷೇರುಪೇಟೆ ನಿಯಂತ್ರಕರ 2013ರ ಆದೇಶದಲ್ಲಿ ಇನ್ನೊಂದು ವಿಷಯವಿದೆ. ಪೇಟೆ ತೆರೆಯುವ ಮುನ್ನವೇ ಆ ದೋಷವನ್ನು ಹೆಸರಿಸುವ 97 ಇ-ಮೇಲ್‌ಗಳನ್ನು ವ್ಯವಸ್ಥೆ ತಾನಾಗಿ ಸಿಬ್ಬಂದಿಗೆ ಕಳುಹಿಸಿತ್ತು. ಅವನ್ನು ಎಚ್ಚರಿಕೆಯೆಂದು ಯಾರೂ ಪರಿಗಣಿಸಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಅಲ್ಲಿ ಹೋದದ್ದು ಹಣ. ಬ್ರಿಟನ್ನಿನಲ್ಲಿ ಹೋದದ್ದು ಮಾನ. ಅಲ್ಲಿನ ಅಂಚೆ ಕಚೇರಿಗಳು 1999ರಿಂದ ಫುಜಿತ್ಸು ಕಂಪನಿಯ ‘ಹೊರೈಜ಼ನ್’ ಲೆಕ್ಕ ತಂತ್ರಾಂಶವನ್ನು ಬಳಸತೊಡಗಿದವು. ಇಲ್ಲದ ಕೊರತೆಯನ್ನು ಅದು ಲೆಕ್ಕದಲ್ಲಿ ತೋರಿಸಿತು. ಯಂತ್ರವನ್ನು ನಂಬಿದ ಆಡಳಿತ ಶಾಖೆ ನಡೆಸುತ್ತಿದ್ದವರನ್ನು ಕಳ್ಳರೆಂದಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿ ಶಿಕ್ಷೆಗೊಳಗಾದರು. ಗರ್ಭಿಣಿಯೊಬ್ಬರು ಜೈಲು ಸೇರಿದರು. ಆದರೆ ಫುಜಿತ್ಸು ಎಂಜಿನಿಯರುಗಳ ಬಳಿ ‘ತಿಳಿದಿರುವ ದೋಷಗಳ ಕಡತ’ ಎಂಬುದೊಂದು ಆಗಲೇ ಇತ್ತು! 2019ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ತಂತ್ರಾಂಶದ ದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸಿತು. ಫಾಲ್ಕಿರ್ಕ್‌ನ ಕ್ಯಾಲೆಂಡರ್ ಸ್ಕ್ವೇರ್ ಶಾಖೆಯ ಹೆಸರು ಪಡೆದ ದೋಷವೊಂದು 2000ದಿಂದ 2006ರವರೆಗೆ ಜೀವಂತವಾಗಿತ್ತು. ಕೊನೆಗೆ 2024ರಲ್ಲಿ ಸಂಸತ್ತೇ ಕಾನೂನು ಮಾಡಿ ಶಿಕ್ಷೆಗಳನ್ನು ಅಳಿಸಬೇಕಾಯಿತು.

ಕಡತ ಇದ್ದೂ ಹೀಗೇಕಾಗುತ್ತದೆ? ನಮ್ಮ ಉದ್ಯಮದ ಒಳಗಿನಿಂದ ನೋಡಿದರೆ ಉತ್ತರ ಸರಳ. ದೋಷ ತಿದ್ದಲು ಹುಟ್ಟಿದ ಸಲಕರಣೆ ಕ್ರಮೇಣ ಕೆಲಸಗಾರರನ್ನು ಅಳೆಯುವ ಕೋಲಾಗಿದೆ. ವಾರಕ್ಕೆ ಎಷ್ಟು ದೂರು ಮುಚ್ಚಿದಿರಿ ಎಂಬುದೇ ಪ್ರಶ್ನೆಯಾದಾಗ, ದೂರು ಮುಚ್ಚುವುದೇ ಗುರಿಯಾಗುತ್ತದೆ. ‘ನಮ್ಮಲ್ಲಿ ಮರುಕಳಿಸಲಿಲ್ಲ’ ಎಂಬ ಒಂದು ಷರಾ ಬರೆದರೆ ದೂರು ಮುಚ್ಚಿಹೋಗುತ್ತದೆ. ದೋಷ ಮಾತ್ರ ಹಾಗೆಯೇ ಇರುತ್ತದೆ. ಕೃತಕ ಬುದ್ಧಿಮತ್ತೆ ಈ ಮುಚ್ಚುವ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸಬಲ್ಲದು. ‘ಇದನ್ನು ಸರಿಪಡಿಸುವವರೆಗೆ ನಿಲ್ಲಿಸಿ’ ಎನ್ನುವ ಅಧಿಕಾರವನ್ನು ಯಾರಿಗೆ ಕೊಡಬೇಕೆಂಬುದನ್ನು ಅದು ನಿರ್ಧರಿಸಲಾರದು.

ಇದು ಎಂಜಿನಿಯರುಗಳ ಒಳಮನೆಯ ವಿಚಾರವೆಂದು ಓದುಗರು ಪುಟ ಮಗುಚಬಾರದು. ಕರ್ನಾಟಕದಲ್ಲಿ 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಪಹಣಿ ಗಣಕೀಕೃತವಾಯಿತು. ಆಸ್ತಿ ನೋಂದಣಿ, ಪಡಿತರ, ಪಿಂಚಣಿ ಎಲ್ಲವೂ ಇಂದು ತಂತ್ರಾಂಶದ ಮೂಲಕವೇ ಸಾಗುತ್ತವೆ. ‘ಸಿಸ್ಟಮ್‌ನಲ್ಲಿ ಹಾಗೇ ಇದೆ’ ಎಂಬ ಮಾತನ್ನು ಕೌಂಟರಿನ ಮುಂದೆ ನಿಂತು ಕೇಳದವರು ವಿರಳ. ಆ ಮಾತಿಗೆ ಮೇಲ್ಮನವಿಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಕೇಳುತ್ತದೆ. ಗಣಕಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಸಹಿ ಹಾಕುವ ಅಧಿಕಾರಿ ಆ ತಂತ್ರಾಂಶದ ದೋಷಗಳ ಪಟ್ಟಿಯನ್ನು ನೋಡದಿದ್ದರೆ, ಆ ಸಹಿಗೆ ಎಷ್ಟು ಬೆಲೆ?

ಆದ್ದರಿಂದ ನನ್ನ ಸಲಹೆ ಇಷ್ಟೆ. ಸಾರ್ವಜನಿಕ ಹಣದಲ್ಲಿ ತಂತ್ರಾಂಶ ಕೊಳ್ಳುವಾಗ, ಲೆಕ್ಕ, ಹೆಸರು ಅಥವಾ ಹಕ್ಕನ್ನು ಬದಲಿಸಬಲ್ಲ ಪ್ರತಿ ದೋಷವನ್ನೂ ಬಾಧಿತರಿಗೆ ತಿಳಿಸಬೇಕೆಂಬ ಷರತ್ತು ಒಪ್ಪಂದದಲ್ಲೇ ಇರಲಿ. ವ್ಯಾಜ್ಯ ಬಂದರೆ ಕಡತ ನ್ಯಾಯಾಲಯದ ಮುಂದೆ ಬರಲಿ. ಪಟ್ಟಿ ಬಹಿರಂಗವಾದರೆ ಕನ್ನಗಳ್ಳರಿಗೆ ದಾರಿ ತೋರಿಸಿದಂತೆ ಎಂಬ ಆಕ್ಷೇಪವಿದೆ. ಅದು ಅರ್ಧ ಸತ್ಯ. ಮೊಜಿಲ್ಲಾದ ಬಗ್‌ಜಿಲ್ಲಾವನ್ನು ಯಾರು ಬೇಕಾದರೂ ಓದಬಹುದು. ಭದ್ರತೆಗೆ ಸಂಬಂಧಿಸಿದ ದೋಷಗಳನ್ನು ಮಾತ್ರ ಸರಿಪಡಿಸುವವರೆಗೆ ಮರೆಯಲ್ಲಿಡುತ್ತಾರೆ. ಆ ಪದ್ಧತಿ ಕಾಲು ಶತಮಾನದಿಂದ ನಡೆದು ಬಂದಿದೆ. ಪ್ರತಿ ದೋಷಕ್ಕೂ ಹೀಗೆ ಜನರಿಗೆ ಉತ್ತರ ಹೇಳುತ್ತ ಕೂತರೆ ಕೆಲಸ ಸಾಗದು ಎನ್ನುವವರಿಗೆ ಬ್ರಿಟನ್ನಿನ ಅಂಚೆ ಕಚೇರಿಯೇ ಉತ್ತರ.

ಜಗತ್ತಿನ ಅದೆಷ್ಟೋ ಕಂಪನಿಗಳ ದೋಷ ತಿದ್ದುವ ಕೆಲಸ ಇಂದು ಬೆಂಗಳೂರಿನಲ್ಲಿ ನಡೆಯುತ್ತದೆ. ಹೊಸ ಸಲಕರಣೆಗಳನ್ನು ಕಲಿಯುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದಿಲ್ಲ. ದೋಷ ಕಂಡ ಕಿರಿಯ ಉದ್ಯೋಗಿ ಎದ್ದುನಿಂತು ಹೇಳಿದಾಗ ಕೇಳಿಸಿಕೊಳ್ಳುವ ಅಭ್ಯಾಸವನ್ನೂ ನಾವು ಕಲಿಯಬೇಕು. ಅದು ಯಾವ ಕಂಪನಿಯೂ ಮಾರದ ಸಲಕರಣೆ.