ಬ್ಯಾಟರಿಯ ಆಯುಸ್ಸು, ಉಪಕರಣದ ಆಯುಸ್ಸು

ಉಪಕರಣವು ಸುಸ್ಥಿತಿಯಲ್ಲಿರುವಾಗ, ಅದರ ಬ್ಯಾಟರಿಯು ತೀರಿತೆಂಬ ಒಂದೇ ಕಾರಣಕ್ಕಾಗಿ ಅದನ್ನು ಗುಜರಿಯ ಪಾಲುಮಾಡುವುದು ವಿವೇಕಿಗಳ ಲಕ್ಷಣವಲ್ಲ. ಆದರೂ ನಮ್ಮ ಮನೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಸರಕಾರಿ ಉಗ್ರಾಣಗಳಲ್ಲಿಯೂ ಬಹುಮಟ್ಟಿಗೆ ನಡೆಯುತ್ತಿರುವುದು ಇದೇ. ವಿದ್ಯುತ್ ಕೆಲಸಗಾರನ ಮಲ್ಟಿಮೀಟರಾಗಲಿ ಬಡಗಿಯ ಡ್ರಿಲ್ಲಾಗಲಿ ಜೋಪಾನವಾಗಿ ಬಳಸಿದರೆ ಹಲವು ವರ್ಷ ಬಾಳಬಲ್ಲದು. ಬ್ಯಾಟರಿಯ ಆಯುಸ್ಸಾದರೋ ಅಲ್ಪ. ಬಳಸಿ ಎಸೆಯುವ ಬ್ಯಾಟರಿಗೆ ಪದೇಪದೇ ಹಣ ತೆತ್ತು, ಮೂಗಿಗಿಂತ ಮೂಗುತಿಯೇ ಭಾರವಾದುದನ್ನು ಕಂಡು, ಕೈಕೆಲಸ ಬಲ್ಲ ಕೆಲವರು ಇಂಥ ಉಪಕರಣಗಳನ್ನು ಚಾರ್ಜು ಮಾಡಬಹುದಾದ ಬ್ಯಾಟರಿಗೆ ಮಾರ್ಪಡಿಸಿಕೊಳ್ಳುತ್ತಿದ್ದಾರೆ. ಈ ಪ್ರಯತ್ನವು ಸ್ತುತ್ಯವಾದುದು. ಆದರೆ ಲೆಕ್ಕವನ್ನರಿಯದೆ ಮಾಡಿದ ಮಾರ್ಪಾಟು ಉಳಿತಾಯದ ಬದಲು ಪ್ರಾಣಾಪಾಯವನ್ನೇ ತಂದೀತು. ಆದುದರಿಂದ ಈ ವಿಷಯವನ್ನು ಕೊಂಚ ವಿಚಾರಿಸುವುದು ಯುಕ್ತವಾಗಿದೆ.

ಸಾಮಾನ್ಯ ಮಲ್ಟಿಮೀಟರನ್ನೇ ತೆಗೆದುಕೊಳ್ಳೋಣ. ಅನೇಕ ಮೀಟರುಗಳು ೯ ವೋಲ್ಟಿನ ಚೌಕಾಕಾರದ ಬ್ಯಾಟರಿಯಿಂದ ನಡೆಯುತ್ತವೆ. ಅದರೊಳಗೆ ೧.೫ ವೋಲ್ಟಿನ ಆರು ಸೆಲ್ಲುಗಳಿರುತ್ತವೆ. ಅದೇ ಆಕಾರದ ನಿಕ್ಕಲ್-ಹೈಡ್ರೈಡ್ ಬ್ಯಾಟರಿಯನ್ನು ಚಾರ್ಜು ಮಾಡಬಹುದು. ಆದರೆ ಅದರ ಒಂದೊಂದು ಸೆಲ್ಲು ೧.೨ ವೋಲ್ಟು ಮಾತ್ರ. ಆರು ಸೆಲ್ಲಿನದು ೭.೨ ವೋಲ್ಟು, ಏಳು ಸೆಲ್ಲಿನದು ೮.೪ ವೋಲ್ಟು. ಆರು ಸೆಲ್ಲಿನದನ್ನು ಹಾಕಿದರೆ ಮೀಟರು ಮೊದಲ ದಿನವೇ ‘ಬ್ಯಾಟರಿ ತೀರಿತು’ ಎಂದು ಸೂಚಿಸಿದರೂ ಸೂಚಿಸೀತು. ಕೊಳ್ಳುವವರು ಏಳು ಸೆಲ್ಲಿನದನ್ನು ಕೇಳಿ ಕೊಳ್ಳತಕ್ಕದ್ದು. ಇದರಲ್ಲಿ ತುಂಬುವ ವಿದ್ಯುತ್ತೂ ಕಡಿಮೆಯೇ: ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು ೫೦೦ ಮಿಲಿ ಆಂಪಿಯರ್-ಗಂಟೆ ಇದ್ದರೆ ಇದರಲ್ಲಿ ಸುಮಾರು ೨೦೦. ತಿಂಗಳಿಗೊಮ್ಮೆ ಮೀಟರನ್ನು ಮುಟ್ಟುವ ಗೃಹಸ್ಥನಿಗೆ ಈ ಮಾರ್ಪಾಟಿನಿಂದ ಲಾಭವಿಲ್ಲ. ಹಗಲೆಲ್ಲ ಅದನ್ನೇ ಹಿಡಿದು ದುಡಿಯುವವನಿಗೆ ನಿಶ್ಚಯವಾಗಿಯೂ ಇದೆ.

ಎರಡನೆಯ ಮಾರ್ಗವು ಲಿಥಿಯಂ ಸೆಲ್ಲಿನದು. ೧೯೯೧ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ಸೆಲ್ಲು ಇಂದು ಪ್ರತಿಯೊಂದು ಮೊಬೈಲಿನಲ್ಲಿಯೂ ಇದೆ. ಅದರ ಒತ್ತಡ ೩.೭ ವೋಲ್ಟು. ಅದನ್ನು ೯ ವೋಲ್ಟಿಗೆ ಏರಿಸಲು ಚಿಕ್ಕದೊಂದು ಮಂಡಲ ಬೇಕು. ಮೀಟರನ್ನು ಆರಿಸಿದರೂ ಆ ಮಂಡಲವು ಸೆಲ್ಲನ್ನು ಹೀರುತ್ತಲೇ ಇರುತ್ತದೆ. ಆದುದರಿಂದ ಸ್ವಿಚ್ಚು ಸೆಲ್ಲಿಗೂ ಮಂಡಲಕ್ಕೂ ನಡುವೆ ಇರತಕ್ಕದ್ದು. ಅಲ್ಲದೆ ಆ ಮಂಡಲವು ಕಡೆಯವರೆಗೆ ೯ ವೋಲ್ಟನ್ನೇ ಕೊಡುತ್ತ ಬಂದು ಒಮ್ಮೆಗೇ ನಿಂತುಹೋಗುವುದರಿಂದ, ಬ್ಯಾಟರಿ ತೀರುತ್ತಿದೆಯೆಂಬ ಮುನ್ಸೂಚನೆಯು ಪರದೆಯ ಮೇಲೆ ಮೂಡುವುದೇ ಇಲ್ಲ. ತಂತಿಯಲ್ಲಿ ವಿದ್ಯುತ್ತಿದೆಯೋ ಇಲ್ಲವೋ ಎಂದು ನೋಡುವವನ ಕೈಯಲ್ಲಿ ಮೀಟರು ಹೀಗೆ ಮೌನ ತಾಳಿದರೆ ಅದರ ಫಲವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತಲೂ ಗಂಭೀರವಾದ ಮಾತೊಂದಿದೆ. ಚಾರ್ಜು ಮಾಡುವ ಅನುಕೂಲಕ್ಕೆಂದು ಮೀಟರಿನ ಕವಚಕ್ಕೆ ರಂಧ್ರ ಕೊರೆದು ಸಾಕೆಟ್ಟನ್ನು ಕೂಡಿಸುವವರಿದ್ದಾರೆ. ೨೩೦ ವೋಲ್ಟಿನ ತಂತಿಗೆ ಮೀಟರಿನ ಪ್ರೋಬನ್ನು ತಾಗಿಸಿದಾಗ ಒಳಗಿನ ಬ್ಯಾಟರಿಯೂ ಆ ತಂತಿಯ ಒತ್ತಡಕ್ಕೇ ಏರಬಹುದು. ಆಗ ಸಾಕೆಟ್ಟಿನ ಲೋಹವನ್ನೋ ಅದಕ್ಕೆ ಸಿಕ್ಕಿಸಿದ ಚಾರ್ಜರಿನ ತಂತಿಯ ತುದಿಯನ್ನೋ ಮುಟ್ಟಿದವನು ಮೃತ್ಯುವನ್ನೇ ಮುಟ್ಟಿದಂತೆ. ಕವಚವು ಅಖಂಡವಾಗಿರುವುದೇ ಮೀಟರಿನ ರಕ್ಷಣೆ. ಕೊರೆದ ಕ್ಷಣದಿಂದ ಅದರ ಮೇಲೆ ಮುದ್ರಿತವಾದ ಸುರಕ್ಷತೆಯ ವರ್ಗಕ್ಕೆ ಅರ್ಥವುಳಿಯದು. ಆದಕಾರಣ ಮನೆಯ ಕರೆಂಟನ್ನು ಅಳೆಯುವ ಮೀಟರಿಗೆ, ಹೊರತೆಗೆದು ಬೇರೆಡೆಯಲ್ಲಿ ಚಾರ್ಜು ಮಾಡುವ ಬ್ಯಾಟರಿಯೇ ಯೋಗ್ಯವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಇನ್ನು ಡ್ರಿಲ್ಲಿನ ವಿಚಾರ. ಹಳೆಯ ೧೨ ವೋಲ್ಟಿನ ಡ್ರಿಲ್ಲುಗಳಲ್ಲಿ ಹತ್ತು ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲುಗಳಿದ್ದವು. ಕ್ಯಾಡ್ಮಿಯಂ ವಿಷಲೋಹವಾದುದರಿಂದ ೨೦೧೬ರ ಅಂತ್ಯದಿಂದ ಐರೋಪ್ಯ ಒಕ್ಕೂಟದವರು ಇಂಥ ಉಪಕರಣಗಳಲ್ಲಿಯೂ ಅದನ್ನು ನಿಷೇಧಿಸಿದರು. ಆ ಹತ್ತರ ಸ್ಥಾನದಲ್ಲಿ ಮೂರು ಲಿಥಿಯಂ ಸೆಲ್ಲುಗಳನ್ನು ಸಾಲಾಗಿ ಜೋಡಿಸಬಹುದು. ಪೂರ್ಣ ಚಾರ್ಜಾದಾಗ ಅವು ೧೨.೬ ವೋಲ್ಟು. ಆದರೆ ಒಂದೊಂದು ಸೆಲ್ಲೂ ೪.೨ ವೋಲ್ಟನ್ನು ಮೀರದಂತೆ ಕಾಯುವ ರಕ್ಷಣಾ ಫಲಕವು ಅವಶ್ಯವಾಗಿ ಇರಬೇಕು. ಹಳೆಯ ಚಾರ್ಜರನ್ನು ಎಂದಿಗೂ ಬಳಸಕೂಡದು, ಬಳಸಿದರೆ ಬೆಂಕಿಗೆ ಆಹ್ವಾನವಿತ್ತಂತೆ. ಡ್ರಿಲ್ಲು ಸಿಕ್ಕಿಕೊಂಡಾಗ ಹತ್ತಾರು ಆಂಪಿಯರು ಹರಿಯುವುದರಿಂದ, ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳು ಈ ಕೆಲಸಕ್ಕೆ ತಕ್ಕವಲ್ಲ.

ಇಷ್ಟೆಲ್ಲ ಎಚ್ಚರವನ್ನು ಹೇಳಿದ್ದು ಮಾರ್ಪಾಟನ್ನು ತಡೆಯಲಿಕ್ಕಲ್ಲ. ಅದು ಕಲಿಯತಕ್ಕ ವಿದ್ಯೆಯೆಂದು ತೋರಿಸಲಿಕ್ಕೆ. ಆ ವಿದ್ಯೆಗೆ ದಾರಿ ಮಾಡಿಕೊಡಬೇಕಾದವರು ಯಾರು? ಮೊದಲನೆಯದಾಗಿ ತಯಾರಕರು. ಅಂಟು ಹಾಕಿ ಬ್ಯಾಟರಿಯನ್ನು ಮುಚ್ಚಿಬಿಟ್ಟರೆ ಗಿರಾಕಿಯು ಪುನಃ ತಮ್ಮ ಅಂಗಡಿಗೇ ಬರುವನೆಂಬ ಎಣಿಕೆ ವ್ಯಾಪಾರದ ದೃಷ್ಟಿಯಿಂದ ಲಾಭಕರವಾಗಿರಬಹುದು, ನ್ಯಾಯವಾದುದಲ್ಲ. ಉಪಕರಣಗಳಲ್ಲಿನ ಸಣ್ಣ ಬ್ಯಾಟರಿಗಳನ್ನು ಬಳಸುವವನೇ ತೆಗೆದು ಬದಲಿಸುವಂತಿರಬೇಕೆಂದು ಐರೋಪ್ಯ ಒಕ್ಕೂಟದವರು ೨೦೨೩ರಲ್ಲಿ ಶಾಸನ ಮಾಡಿ, ೨೦೨೭ರ ಫೆಬ್ರವರಿ ೧೮ನ್ನು ಅದರ ಜಾರಿಗೆ ಗೊತ್ತುಪಡಿಸಿದರು. ನಮ್ಮ ಭಾರತ ಸರಕಾರದ ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳು ಸತ್ತ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದುದು ಸರಿಯೇ. ಬ್ಯಾಟರಿಯ ಶವಸಂಸ್ಕಾರಕ್ಕೆ ನಿಯಮ ಮಾಡಿದ ಸರಕಾರವು, ಅದರೊಡನೆ ಉಪಕರಣವೂ ಸಹಗಮನ ಮಾಡದಂತೆ ನೋಡಿಕೊಳ್ಳಬೇಕಲ್ಲವೆ?

ಶಾಸನವಾಗುವವರೆಗೆ ಕಾಯಬೇಕಾದ ಪ್ರಮೇಯವೂ ಇಲ್ಲ. ಸರಕಾರದ ಇಲಾಖೆಗಳು ಉಪಕರಣಗಳನ್ನು ಟೆಂಡರು ಕರೆದು ಕೊಳ್ಳುತ್ತವೆ. ಬ್ಯಾಟರಿಯನ್ನು ಸಾಮಾನ್ಯ ತಿರುಪುಳಿಯಿಂದ ತೆರೆದು ಬದಲಿಸುವಂತಿರಬೇಕು, ಸಹಿಸಬಲ್ಲ ಗರಿಷ್ಠ ಕನಿಷ್ಠ ವೋಲ್ಟುಗಳನ್ನು ಮೈಮೇಲೆ ಮುದ್ರಿಸಿರಬೇಕು ಎಂಬ ಎರಡು ಷರತ್ತುಗಳನ್ನು ಆ ಕಾಗದದಲ್ಲಿ ಸೇರಿಸಲು ಅಧಿಕಾರಿಗಳಿಗೆ ಒಂದು ಗೀಟು ಮಸಿಗಿಂತ ಹೆಚ್ಚು ವೆಚ್ಚವಾಗದು. ಕೈಗಾರಿಕಾ ತರಬೇತಿ ಸಂಸ್ಥೆಗಳವರು ಈ ಮಾರ್ಪಾಟನ್ನು, ಅದರ ಅಪಾಯಗಳ ಸಮೇತ, ವಿದ್ಯಾರ್ಥಿಗಳಿಗೆ ಕಲಿಸಲಿ. ನಾಗರಿಕರು ಕೊಳ್ಳುವ ಮುನ್ನ ಬ್ಯಾಟರಿಯ ಬಾಗಿಲು ತೆರೆಯುವುದೇ ಎಂದು ಅಂಗಡಿಯಲ್ಲಿಯೇ ಕೇಳಲಿ. ತನ್ನ ಉಪಕರಣವನ್ನು ತಾನೇ ತೆರೆಯಲಾರದವನು ಅದಕ್ಕೆ ಬೆಲೆ ಕೊಟ್ಟಿದ್ದರೂ ಅದರ ಒಡೆಯನಲ್ಲ.