ಸಿಡಿಲಿನ ಸುದ್ದಿ ಕುರಿ ಕಾಯುವವರಿಗೂ ಮುಟ್ಟಬೇಕು

ಚೊಳಚಗುಡ್ಡದಲ್ಲಿ ನನ್ನದು ರೇಡಿಯೊ ರಿಪೇರಿ ಅಂಗಡಿ. ಈಗ ಬರುವುದೆಲ್ಲ ಮೊಬೈಲು, ಮಿಕ್ಸರ್. ಆದರೂ ಕುರಿ ಕಾಯುವ ಕೆಲವರು ಟ್ರಾನ್ಸಿಸ್ಟರ್ ಬಿಟ್ಟಿಲ್ಲ. ಮೇ ತಿಂಗಳ ಇಳಿಹೊತ್ತಿನಲ್ಲಿ ಧಾರವಾಡ ಆಕಾಶವಾಣಿಯ ಹಾಡಿನ ನಡುವೆ ಕರಕರ ಎದ್ದರೆ, ಗುಡುಗು ಕೇಳುವ ಮೊದಲೇ ಅವರು ಹಿಂಡನ್ನು ಊರ ಕಡೆ ತಿರುಗಿಸುತ್ತಾರೆ.

ಆ ಕರಕರ ಸಿಡಿಲು ಹೊಮ್ಮಿಸುವ ರೇಡಿಯೊ ಅಲೆಯದು. ಅದರ ಬೆನ್ನು ಹತ್ತಿಯೇ ಒಂದು ದೊಡ್ಡ ವಿದ್ಯೆ ಬೆಳೆಯಿತು. ಮೀಡಿಯಂ ವೇವ್ ರೇಡಿಯೊದೊಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿಯಿರುತ್ತದೆ. ಅದರ ತುದಿಯನ್ನು ನೇರ ಧಾರವಾಡಕ್ಕೆ, ಅಂದರೆ ನಮ್ಮೂರಿಂದ ನೈರುತ್ಯಕ್ಕೆ ಹಿಡಿದರೆ ದನಿ ಕುಗ್ಗುತ್ತದೆ, ಅಡ್ಡ ಹಿಡಿದರೆ ಏರುತ್ತದೆ. ನಿಲ್ದಾಣದ ದಿಕ್ಕು ಹೀಗೆ ಸಿಗುತ್ತದೆ. ಸಿಡಿಲು ಮಾತ್ರ ಕಡ್ಡಿ ತಿರುಗಿಸುವಷ್ಟು ಹೊತ್ತು ಕಾಯುವುದಿಲ್ಲ.

1915ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆ ಸೇರಿದ ರಾಬರ್ಟ್ ವಾಟ್ಸನ್-ವಾಟ್ ಕೈಗೆತ್ತಿಕೊಂಡದ್ದು ಇದೇ ತೊಡಕನ್ನು. ವಿಮಾನ ಹಾರಿಸುವವರಿಗೆ ಗುಡುಗು ಮಳೆಯ ಸುಳಿವು ಮೊದಲೇ ಕೊಡಬೇಕಿತ್ತು. ಒಂದಕ್ಕೊಂದು ಅಡ್ಡಲಾಗಿ ಎರಡು ಆಂಟೆನಾ ನಿಲ್ಲಿಸಿ, ಎರಡರ ಸಂಕೇತವನ್ನೂ ಪಿಕ್ಚರ್ ಟ್ಯೂಬಿಗೆ ಕೊಟ್ಟರೆ, ಮಿಂಚಿದ ಕ್ಷಣವೇ ಪರದೆಯ ಮೇಲೆ ದಿಕ್ಕು ತೋರುವ ಗೆರೆ ಮೂಡುತ್ತದೆ. ಸಹೋದ್ಯೋಗಿ ಹರ್ಡ್ ಜೊತೆ 1926ರಲ್ಲಿ ಅವರು ಇದನ್ನು ಪ್ರಕಟಿಸಿದರು. ದೂರದ ಎರಡು ಕೇಂದ್ರಗಳ ಗೆರೆ ಕೂಡುವಲ್ಲಿ ಸಿಡಿಲಿನ ಜಾಗ. ಎರಡನೇ ಮಹಾಯುದ್ಧದಲ್ಲಿ ಇದೇ ಉಪಾಯ ಜರ್ಮನ್ ಜಲಾಂತರ್ಗಾಮಿಗಳನ್ನು ಹಿಡಿದುಕೊಟ್ಟಿತು. ನನಗೆ ಅದಕ್ಕಿಂತ ಅದರ ಹುಟ್ಟು ಮುಖ್ಯ: ಜೀವ ಉಳಿಸಲೆಂದೇ ಹುಟ್ಟಿದ ಸಂಶೋಧನೆ ಅದು.

ಈಗ ಸಿಡಿಲಿನ ಅಲೆ ಯಾವ ಕೇಂದ್ರಕ್ಕೆ ಎಷ್ಟು ತಡವಾಗಿ ಮುಟ್ಟಿತೆಂದು ಲೆಕ್ಕ ಹಾಕಿಯೂ ಜಾಗ ಗುರುತಿಸುತ್ತಾರೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ಅಲೆ ಸಾಗುವುದು 300 ಮೀಟರ್. ಇಂಥ ಜಾಲ ನಮ್ಮಲ್ಲೂ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಎರಡೂ ಎಚ್ಚರಿಸುತ್ತವೆ. ಆದರೆ ಮಲಪ್ರಭೆಯ ದಂಡೆಯಲ್ಲಿ ಕುರಿ ಮೇಯಿಸುವವರ ಕೈಯಲ್ಲಿರುವುದು ಕೀಪ್ಯಾಡ್ ಫೋನು. ಮಳೆ ಬಂದರೆ ಅವರು ಓಡುವುದು ಬೇವಿನ ಮರದ ಕೆಳಗೆ. ಅದೇ ಎಲ್ಲಕ್ಕಿಂತ ಅಪಾಯದ ಜಾಗ.

ಬನಶಂಕರಿ ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡರೆ ಮೈಕಿನಲ್ಲಿ ಕೂಗಿ ಹುಡುಕುವ ನಾವು ಸಿಡಿಲಿನ ಸುದ್ದಿಯನ್ನೂ ಕೂಗಿ ಹೇಳಬಹುದು. ಕಸದ ಗಾಡಿಗೆ ಮೈಕಿದೆ, ಗುಡಿಗೂ ಇದೆ. ಯುಗಾದಿಯಿಂದ ಮೃಗಶಿರ ಮಳೆಯವರೆಗೆ ಮಧ್ಯಾಹ್ನದ ಮೇಲೆ ಆ್ಯಪ್ ನೋಡುವ ಹೊಣೆಯನ್ನು ಪ್ರತಿ ಪಂಚಾಯಿತಿ ಒಬ್ಬರಿಗೆ ಸಂಬಳ ಕೊಟ್ಟು ವಹಿಸಬೇಕು. ಮೈಕಿನ ದನಿ ಮುಟ್ಟದ ಗುಡ್ಡದಲ್ಲಿರುವ ಕುರಿಗಾರರ ಫೋನ್ ನಂಬರು ಅವರ ಬಳಿ ಬರೆದಿಟ್ಟಿರಬೇಕು, ಎಚ್ಚರಿಕೆ ಬಂದ ಕೂಡಲೇ ಕರೆ ಹೋಗಬೇಕು. ಹೇಳಬೇಕಾದದ್ದು ಇಷ್ಟೇ: ಮರದ ಕೆಳಗೆ ನಿಲ್ಲಬೇಡಿ, ಆರ್‌ಸಿಸಿ ಮನೆಯೊಳಗೆ ಬನ್ನಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಹೋಗಬೇಡಿ. ಸತ್ತ ಮೇಲೆ ಪರಿಹಾರದ ಚೆಕ್ ಹಿಡಿದು ಮನೆಗೆ ಬರುವ ಸರ್ಕಾರ ಈ ಸಂಬಳದ ಹಣವನ್ನು ಮುಂದಿನ ಬೇಸಿಗೆಗೆ ಮೊದಲೇ ಪಂಚಾಯಿತಿಗೆ ಕಳಿಸಲಿ.